ಆರ್ಡರು ಗೊಂಬೆ ಮೀಮಾಂಸೆ, ಅಥವಾ ಪಿಕಾಚು ಬಾಲವಿಚಾರ

ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ 12 ಸೆಕ್ಟರುಗಳು. ಜೈಮಿನಿ ಮಹರ್ಷಿಗಳ ಮೀಮಾಂಸಾಸೂತ್ರಕ್ಕೂ 12 ಅಧ್ಯಾಯಗಳು. ಇದನ್ನು ಕಾಕತಾಳೀಯವೆಂದು ಬಗೆಯುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಅವರು ಇಲ್ಲಿಂದಲೇ ರೈತು ಬಜಾರಿನ ಕಡೆ ಹೊರಳಿ ಬೆಂಡೆಕಾಯಿ ಮುರಿದು ನೋಡುತ್ತಿರಬಹುದು. ಉಳಿದವರು ಕುಳಿತುಕೊಳ್ಳಿ.

ಶಾಸ್ತ್ರಗ್ರಂಥ ಎಂದಮೇಲೆ ಅನುಬಂಧ ಚತುಷ್ಟಯ ಮೊದಲು ಬರಬೇಕು. ವಿಷಯ: ಕಥೆ, ಕಾರ್ಟೂನು, ಸಿನಿಮಾ, ಪುರಾಣಗಳಲ್ಲಿ ಮಾತ್ರ ವಾಸಿಸುವ ವ್ಯಕ್ತಿಗಳನ್ನು ದಾರದಲ್ಲೋ ಮರದಲ್ಲೋ ಬಟ್ಟೆಯಲ್ಲೋ, ಕೇಳಿದವರ ಇಷ್ಟಕ್ಕೆ ತಕ್ಕಂತೆ, ಕೈಯಲ್ಲಿ ಮಾಡಿಕೊಡುವುದು. ಪ್ರಯೋಜನ: ಮಾಡಿಸಿಕೊಂಡವರಿಗೆ ಮಗುವಿನ ಹುಟ್ಟುಹಬ್ಬ ಪಾರಾಗುವುದು, ಇದು ನಿರ್ವಿವಾದ, ಮಾಡಿದವರಿಗೆ ಹಣ, ಇದು ವಿವಾದಾಸ್ಪದ, ಮುಂದೆ ಚರ್ಚಿಸಲಾಗುವುದು. ಸಂಬಂಧ: ವಾಟ್ಸಾಪ್. ಅಧಿಕಾರಿ: ಪಿಕಾಚು, ಡೋರೇಮಾನ್, ಛೋಟಾ ಭೀಮ್ ಮೂವರನ್ನೂ ಕರೆಂಟು ಹೋದಾಗ ಮುಟ್ಟಿ ಗುರುತಿಸಬಲ್ಲವರು.

ಗ್ರಂಥಕರ್ತ್ರಿಯಾದ ನಾವು ಹುಟ್ಟಿನಿಂದ ಮೈಸೂರಿನವರು, ಯಜಮಾನರ ನೌಕರಿಯಿಂದ ಈ ಸಮುದ್ರತೀರದವರು, ಸರ್ಕಾರಿ ಕಾಗದಗಳ ಪ್ರಕಾರ ಗೃಹಿಣಿ. ಈ ಕೊನೆಯ ಪದವಿಯ ಮೇಲೂ ಮುಂದೆ ಒಂದು ಅಧಿಕರಣವಿದೆ. ಸೂತ್ರಗಳೂ ನಮ್ಮವೇ, ಭಾಷ್ಯವೂ ನಮ್ಮದೇ. ಸೂತ್ರಗಳ ಸಂಸ್ಕೃತದಲ್ಲಿ ತಪ್ಪು ಕಂಡರೆ ಅದು ತಪ್ಪಲ್ಲ, ಆರ್ಷಪ್ರಯೋಗ.

ಕಾರಣವಿಚಾರ

ಸೂತ್ರ: ದಾರಮೇವ ಗೊಂಬೇಃ ಕಾರಣಮ್, ಕಡ್ಡೀ ಚ.

17ನೆಯ ಶತಮಾನದ ಅನ್ನಂಭಟ್ಟರು ಆಂಧ್ರದವರೆಂದೇ ಪ್ರತೀತಿ. ಅವರು ತರ್ಕಸಂಗ್ರಹದಲ್ಲಿ ಕಾರಣ ಮೂರು ಬಗೆ ಎಂದು ಹೇಳಿ, ನಮ್ಮ ಪುಣ್ಯಕ್ಕೆ ಬಟ್ಟೆಯನ್ನೇ ಉದಾಹರಣೆಗೆ ತೆಗೆದುಕೊಂಡರು. ಎಳೆಗಳು ಸಮವಾಯಿ ಕಾರಣ. ಎಳೆಗಳ ಪರಸ್ಪರ ಸಂಯೋಗ ಅಸಮವಾಯಿ ಕಾರಣ. ಲಾಳಿ ಮುಂತಾದವು ನಿಮಿತ್ತ ಕಾರಣ. ಮಗ್ಗದ ಬಟ್ಟೆಗೆ ಈ ಲೆಕ್ಕ ಸರಿಹೋಗುತ್ತದೆ, ಏಕೆಂದರೆ ಹಾಸಿಗೊಂದು ಎಳೆ, ಹೊಕ್ಕಿಗೊಂದು ಎಳೆ. ಆದರೆ ಕಡ್ಡಿಯಿಂದ ಹೆಣೆಯುವ ನಮ್ಮ ಕ್ರೋಶಾದಲ್ಲಿ ಇರುವುದು ಒಂದೇ ಎಳೆ. ಅದು ತನ್ನ ಕುಣಿಕೆಯೊಳಗೆ ತಾನೇ ನುಗ್ಗಿ, ತನ್ನನ್ನೇ ಹಿಡಿದು, ತನ್ನಿಂದಲೇ ಹೊರಬಂದು ಗೊಂಬೆಯಾಗುತ್ತದೆ. ಸಂಯೋಗಕ್ಕೆ ಎರಡು ದ್ರವ್ಯ ಬೇಕೆಂಬುದು ನೈಯಾಯಿಕರ ಹಟ. ಆದ್ದರಿಂದ ಕ್ರೋಶಾ ಗೊಂಬೆ ಶಾಸ್ತ್ರತಃ ಅಸಾಧ್ಯ. ಹಾಗಿದ್ದೂ ಬುಧವಾರದೊಳಗೆ ಎರಡು ಕೊಡಬೇಕಾಗಿದೆ.

ಈ ಅಸಾಧ್ಯ ವಸ್ತುವಿಗೆ ಜಪಾನೀಯರು ಅಮಿಗುರುಮಿ ಎನ್ನುತ್ತಾರೆ. ಅದರ ಗಣಿತ ಪರಮಸರಳ. ದಾರದಿಂದ ಬಿಗಿಯಬಹುದಾದ ಒಂದು ಉಂಗುರ. ಅದರೊಳಗೆ 6 ಕುಣಿಕೆ. ಎರಡನೆಯ ಸುತ್ತಿಗೆ 12, ಮೂರನೆಯದಕ್ಕೆ 18, ಆಮೇಲೆ 24, 30, 36. ಬೇಕಾದ ಅಗಲ ಬಂದಮೇಲೆ ಹೆಚ್ಚಿಸದೆ ನೇರ ಹೋಗುವುದು, ನಂತರ ಅದೇ ಲೆಕ್ಕದಲ್ಲಿ ಇಳಿಸುವುದು, ಬಾಯಿ ಮುಚ್ಚುವ ಮೊದಲು ಹತ್ತಿಯನ್ನೋ ಫೈಬರನ್ನೋ ತುಂಬುವುದು. ತಲೆ ಸಿದ್ಧ. ಮೊದಲ ಸುತ್ತಿನ 6 ಕುಣಿಕೆ ಷಡ್ದರ್ಶನಗಳೆಂದು ನಾವು ಒಮ್ಮೆ ಒಂದು ಮಧ್ಯಾಹ್ನ ಕಂಡುಹಿಡಿದೆವು. ಆ ಭರದಲ್ಲಿ ಇಳಿಸುವುದು ಮರೆತದ್ದರಿಂದ ಡೋರೇಮಾನ್ ತಲೆ ಟೊಪ್ಪಿಗೆಯಾಯಿತು. ಅದನ್ನೂ ಒಬ್ಬರು ಕೊಂಡರು.

ಡೋರೇಮಾನ್ ಬಗ್ಗೆ ಶಾಸ್ತ್ರಕಾರರಿಗೆ ವಿಶೇಷ ಪ್ರೀತಿ ಇರಬೇಕು. 1969ರಲ್ಲಿ ಜಪಾನಿನಲ್ಲಿ ಹುಟ್ಟಿದ ಈ ಬೆಕ್ಕಿನ ಕಿವಿಗಳನ್ನು ಕಥೆಯಲ್ಲೇ ಇಲಿ ಕಡಿದುಹಾಕಿದೆ. ಕೈಗೆ ಬೆರಳಿಲ್ಲ, ಎರಡು ಉಂಡೆ ಇಟ್ಟರೆ ಮುಗಿಯಿತು. ಅರ್ಧ ಮಾತ್ರೆ ಉಳಿದರೂ ವೈಯಾಕರಣರು ಮಗ ಹುಟ್ಟಿದಷ್ಟು ಸಂಭ್ರಮಿಸುತ್ತಾರಂತೆ. ಇಲ್ಲಿ ಎರಡು ಕಿವಿ, ಹತ್ತು ಬೆರಳು ಉಳಿಯುತ್ತವೆ. ಇದರ ಹೆಸರು ಲಾಘವ.

ಲಾಘವದ ವಿರುದ್ಧಪದ ರಾವಣ. ಮಧ್ಯದ ತಲೆ ಬಿಟ್ಟರೆ ಉಳಿಯುವುದು 9. ಒಂದು ಪಕ್ಕಕ್ಕೆ 4, ಇನ್ನೊಂದಕ್ಕೆ 5. ಚಿತ್ರಕಾರರು ಇದನ್ನು ಹೇಗೋ ಜೀರ್ಣಿಸಿಕೊಂಡಿದ್ದಾರೆ, ಏಕೆಂದರೆ ಕಾಗದಕ್ಕೆ ಭಾರವಿಲ್ಲ. ಷೋಕೇಸಿನಲ್ಲಿ ನಿಲ್ಲಬೇಕಾದ ರಾವಣನಿಗೆ ಈ ಸಂಖ್ಯೆ ಶಾಪ. ಐದು ತಲೆಯ ಕಡೆಗೆ ಅವನು ಮೆಲ್ಲಗೆ ವಾಲುತ್ತಾನೆ, ರಾತ್ರಿ ಯಾರೂ ನೋಡದಾಗ ಬೀಳುತ್ತಾನೆ. ಪರಿಹಾರ: ನಾಲ್ಕು ತಲೆಯ ಕಡೆಯ ಕೈಗೆ ಶಿವ ಕೊಟ್ಟ ಚಂದ್ರಹಾಸ ಖಡ್ಗವನ್ನು ಕೊಟ್ಟು, ಅದರೊಳಗೆ ತಂತಿ ಇಡುವುದು. ಶಿವ ಆ ಖಡ್ಗವನ್ನು ಕೊಟ್ಟದ್ದು ಯಾತಕ್ಕೆ ಎಂಬ ಬಗ್ಗೆ ಪುರಾಣಿಕರು ಏನೇನೋ ಹೇಳುತ್ತಾರೆ. ತೂಕ ಸರಿಮಾಡಲಿಕ್ಕೆ ಎಂಬುದು ನಮ್ಮ ಸಿದ್ಧಾಂತ. ಅವನ ತಮ್ಮ ಕುಂಭಕರ್ಣ ಇದಕ್ಕೆ ತದ್ವಿರುದ್ಧ. ಅವನಿಗೆ ಸ್ಟ್ಯಾಂಡು ಬೇಡ, ಕಣ್ಣು ಬೇಡ. ಒಂದೇ ಮನೆಯಲ್ಲಿ ಹುಟ್ಟಿದವರಲ್ಲಿ ಎಷ್ಟು ವ್ಯತ್ಯಾಸ.

ಕಣ್ಣಿನ ಮಾತು ಬಂದದ್ದರಿಂದ ಒಂದು ವಿಧಿ. ಮೂರು ವರ್ಷದೊಳಗಿನ ಮಗುವಿಗೆ ಕೊಡುವ ಗೊಂಬೆಗೆ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿ ಹಾಕಬಾರದು. ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದಾರದಲ್ಲೇ ಕಸೂತಿ ಮಾಡಬೇಕು. ಈ ಗ್ರಂಥದಲ್ಲಿ ಉಳಿದದ್ದೆಲ್ಲ ಅರ್ಥವಾದ ಎಂದುಕೊಂಡರೂ ನಡೆಯುತ್ತದೆ, ಇದೊಂದು ಮಾತ್ರ ವಿಧಿ.

ಪ್ರಮಾಣವಿಚಾರ

ಸೂತ್ರ: ಗಿರಾಕೀ ಪರಂ ಪ್ರಮಾಣಮ್.

ಪಿಕಾಚುವಿನ ಕಿವಿಯ ತುದಿ ಕಪ್ಪು. ಬಾಲದ ತುದಿ ಹಳದಿ. ಬುಡದಲ್ಲಿ ಮಾತ್ರ ಸ್ವಲ್ಪ ಕಂದು. 1996ರಲ್ಲಿ ಅದು ಹುಟ್ಟಿದಾಗಿನಿಂದ ಇದು ಹೀಗೇ ಇದೆ. ಆದರೆ ಬಾಲದ ತುದಿ ಕಪ್ಪು ಎಂದು ಲೋಕದಲ್ಲಿ ಬಹುಜನರಿಗೆ ಖಚಿತವಾಗಿ ನೆನಪಿದೆ. ಆ ಬಹುಜನರಲ್ಲಿ ಒಬ್ಬರು ನಮ್ಮ ಹಿಂದಿನ ಬೀದಿಯವರು. ಅವರು ಆರ್ಡರು ಕೊಡುವಾಗ ಹೇಳಿದ ಮಾತು, "ಅಚ್ಚಂ ಟೀವೀಲೋ ಉನ್ನಟ್ಟೇ ಉಂಡಾಲಂಡಿ." ಟೀವಿಯಲ್ಲಿ ಇದ್ದ ಹಾಗೇ ಇರಬೇಕು. ಬಾಲಕ್ಕೆ ಕಪ್ಪು ಮರೆಯಬೇಡಿ.

ಇಲ್ಲಿ ಘೋರವಾದ ಪ್ರಮಾಣಸಂಘರ್ಷ ಉಂಟಾಯಿತು. ನಾವು ಚಿತ್ರ ತೆಗೆದು ತೋರಿಸಿದೆವು; ಅದು ಪ್ರತ್ಯಕ್ಷ. ಆ ಚಿತ್ರ ಡೂಪ್ಲಿಕೇಟು ಎಂದರು. ಇನ್ನೊಂದು ತೋರಿಸಿದೆವು, ಅದು ಹೊಸ ಪಿಕಾಚು, ನಮ್ಮ ಕಾಲದ್ದು ಬೇರೆ ಎಂದರು. ಶ್ರುತಿಗೂ ಸ್ಮೃತಿಗೂ ವಿರೋಧ ಬಂದಾಗ ಶ್ರುತಿಯೇ ಬಲಿಷ್ಠ ಎಂಬುದು ಮೀಮಾಂಸಕರ ತೀರ್ಪು. ಇಲ್ಲಿ ಮೂಲಚಿತ್ರ ಶ್ರುತಿ, ಅವರ ನೆನಪು ಸ್ಮೃತಿ. ತೀರ್ಪಿನ ಪ್ರಕಾರ ಹಳದಿಯೇ ಗೆಲ್ಲಬೇಕು. ಆದರೆ ಜೈಮಿನಿಗಳು ಫೋನಿನಲ್ಲಿ ಹಣ ತೆಗೆದುಕೊಂಡು ಶಾಸ್ತ್ರ ಬರೆದವರಲ್ಲ. ಬಾಲಕ್ಕೆ ಕಪ್ಪು ಹಾಕಿದೆವು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೊಂಬೆಯನ್ನು ನಿಜವಾಗಿ ಅನುಭೋಗಿಸತಕ್ಕ ಏಳು ವರ್ಷದ ಪ್ರಮಾತೃ ಅದನ್ನು ತಲೆಕೆಳಗು ಹಿಡಿದು ನೋಡಿ, ಬಾಲ ತಪ್ಪು ಎಂದು ಘೋಷಿಸಿ ತಾಯಿಯ ಸಮೇತ ನಮ್ಮ ಬಾಗಿಲಿಗೆ ಬಂದಿತು. ಹಣ ಕೊಡುವ ಗಿರಾಕಿ ಒಬ್ಬರು, ಅಪ್ಪಿಕೊಂಡು ಮಲಗುವ ಗಿರಾಕಿ ಇನ್ನೊಬ್ಬರು; ಸೂತ್ರದಲ್ಲಿ ಇಬ್ಬರಿಗೂ ಒಂದೇ ಶಬ್ದ ಬಳಸಿದ್ದು ದೋಷವೇ ಎಂಬ ಶಂಕೆ ಏಳುತ್ತದೆ. ದೋಷವಲ್ಲ. ಕರ್ನಾಟಕದಲ್ಲಿ ಶತಮಾನಗಳ ಕಾಲ ಬಾಳಿದ ಜೈನ ಆಚಾರ್ಯರು ಇಂಥ ಸಂಕಟಕ್ಕೆಂದೇ ಸ್ಯಾದ್ವಾದವನ್ನು ಕಾದಿರಿಸಿದ್ದಾರೆ. ಒಂದು ದೃಷ್ಟಿಯಿಂದ ಬಾಲ ಕಪ್ಪು. ಒಂದು ದೃಷ್ಟಿಯಿಂದ ಕಪ್ಪಲ್ಲ. ಒಂದು ದೃಷ್ಟಿಯಿಂದ ಹೌದೂ ಅಲ್ಲವೂ. ಬಾಲವನ್ನು ಮತ್ತೆ ಹಳದಿ ಮಾಡಿ, ಕಪ್ಪು ಬಟ್ಟೆಯ ಸಣ್ಣ ಕುಲಾವಿಯೊಂದನ್ನು ಹೊಲಿದು ಬಾಲದ ತುದಿಗೆ ಟಿಚ್ ಬಟನ್ನಿನಲ್ಲಿ ಸಿಕ್ಕಿಸಿದೆವು. ತಾಯಿ ನೋಡುವಾಗ ಹಾಕುವುದು, ಮಗು ಆಡುವಾಗ ತೆಗೆಯುವುದು. ಟಿಚ್ ಬಟನ್ನಿಗೆ ಬೇರೆ ಚಾರ್ಜು.

ಈ ಅಧಿಕರಣದ ಆಳದಲ್ಲಿ ಇರುವ ಪ್ರಶ್ನೆ ಇದು. ಇಲ್ಲದವರು ಇದ್ದ ಹಾಗೇ ಇರುವುದು ಹೇಗೆ? ಎದುರುಮನೆಯ ತಾತಯ್ಯನವರ ಗೊಂಬೆ ಮಾಡಿದರೆ ತಾತಯ್ಯನವರನ್ನೇ ಪಕ್ಕಕ್ಕೆ ನಿಲ್ಲಿಸಿ ಹೋಲಿಸಬಹುದು. ಛೋಟಾ ಭೀಮ್ ಅನ್ನು ಎಲ್ಲಿಂದ ಕರೆಸುವುದು? ಅವನ ಢೋಲಕ್‌ಪುರಕ್ಕೆ ಬಸ್ಸಿಲ್ಲ. 2008ರಲ್ಲಿ ಅವನನ್ನು ಟೀವಿಗೆ ತಂದವರು ಹೈದರಾಬಾದಿನವರು ಎಂಬುದು ನಿಜ, ಆದರೆ ಅಲ್ಲಿಗೆ ಹೋದರೂ ಸಿಗುವುದು ಅವನ ಚಿತ್ರಗಳೇ. ಗಿರಾಕಿ ಹೋಲಿಸುತ್ತಿರುವುದು ನಮ್ಮ ಗೊಂಬೆಯನ್ನು ಅವರ ತಲೆಯೊಳಗಿನ ಗೊಂಬೆಯೊಡನೆ. ಅಲ್ಲಿಗೆ ನಮಗೆ ಪ್ರವೇಶವಿಲ್ಲ. ಆದ್ದರಿಂದಲೇ ಅರ್ಧ ಹಣ ಮುಂಗಡವಾಗಿ ತೆಗೆದುಕೊಳ್ಳತಕ್ಕದ್ದು. ವೇದಾಂತದ ಯಾವ ದಾರಿಯಲ್ಲಿ ನಡೆದರೂ ಕೊನೆಗೆ ಮುಂಗಡಕ್ಕೇ ಬಂದು ನಿಲ್ಲುತ್ತೇವೆ.

ಅದರಲ್ಲೂ ಇದ್ದ ಹಾಗೇ ಬೇಕೆಂದು ಈ ಊರಿನವರು ಅವಸರಪಡುವುದು ಸೋಜಿಗ. ಸಿಂಹಾಚಲದ ವರಾಹನರಸಿಂಹ ಸ್ವಾಮಿ ವರ್ಷವಿಡೀ ಗಂಧದ ಲೇಪದೊಳಗೆ ಇರುತ್ತಾನೆ. ಅಕ್ಷಯ ತೃತೀಯೆಯ ದಿನ ಮಾತ್ರ ಗಂಧ ತೆಗೆದು ನಿಜರೂಪ ದರ್ಶನ. ದೇವರನ್ನು ನಮ್ಮ ಪಾತ್ರಗಳ ಪಟ್ಟಿಗೆ ಸೇರಿಸುವ ಧೈರ್ಯ ನಮಗಿಲ್ಲ, ಉದಾಹರಣೆಗಷ್ಟೇ ಹೇಳಿದ್ದು. ವರ್ಷಕ್ಕೊಂದು ದಿನ ನಿಜರೂಪ ಕಂಡು, ಬಿಸಿಲಲ್ಲಿ ಸಾಲು ನಿಂತು, ತೃಪ್ತರಾಗಿ ಬೆಟ್ಟ ಇಳಿಯುವ ಜನವೇ ಪಿಕಾಚುವಿನ ನಿಜರೂಪವನ್ನು ಶುಕ್ರವಾರದೊಳಗೆ ಕೇಳುತ್ತಾರೆ.

ವಂಶವಿಚಾರ

ನಮ್ಮ ಶಾಸ್ತ್ರ ನಿನ್ನೆ ಮೊನ್ನೆ ಹುಟ್ಟಿದ್ದಲ್ಲವೆಂದು ತೋರಿಸುವುದು ಎಲ್ಲ ಶಾಸ್ತ್ರಕಾರರ ಧರ್ಮ. ಹಾಗಾಗಿ ಸ್ವಲ್ಪ ವಂಶಾವಳಿ.

ವಿಶಾಖಪಟ್ಟಣದಿಂದ ರಾಜಮಂಡ್ರಿ ದಿಕ್ಕಿಗೆ ಹೊರಟರೆ, ಈಗ ಅನಕಾಪಲ್ಲಿ ಜಿಲ್ಲೆಗೆ ಸೇರಿದ ಏಟಿಕೊಪ್ಪಾಕ ಸಿಗುತ್ತದೆ. ವರಾಹ ನದಿಯ ದಂಡೆಯ ಊರು. ಅಲ್ಲಿನವರು ಅಂಕುಡು ಮರವನ್ನು ಲೇತಿನ ಮೇಲೆ ತಿರುಗಿಸಿ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಕೇದಗೆ ಎಲೆಯಿಂದ ತಿಕ್ಕಿದರೆ ಮಿರುಗುತ್ತದೆ. ಓದುತ್ತಿರುವ ಕನ್ನಡಿಗರು ಈಗಾಗಲೇ ಬಾಯಿ ತೆರೆದಿರುತ್ತೀರಿ: ಇದು ನಮ್ಮ ಚನ್ನಪಟ್ಟಣವಲ್ಲವೇ? ಅದೇ ಕೆಲಸ, ಅದೇ ಅರಗು. ಮರವೂ ಅದೇ! ತೆಲುಗರ ಅಂಕುಡೂ ನಮ್ಮ ಆಲೆ ಮರವೂ ಒಂದೇ ಜಾತಿ. ಕತ್ತರಿಸಿದರೆ ಹಾಲು ಸುರಿಸುವ, ಬಿಳಿಯ, ನುಣುಪಾದ, ಉಳಿಗೆ ಬಗ್ಗುವ ಮರ. ರಾಜ್ಯಗಳ ಗಡಿ ಎಳೆದವರು ಆ ಮರವನ್ನು ಕೇಳಲಿಲ್ಲ.

ಏಟಿಕೊಪ್ಪಾಕದ ಗೊಂಬೆಗೆ 2017ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಸಸ್ಯಮೂಲದ ಬಣ್ಣಗಳನ್ನು ಅಲ್ಲಿ ಮತ್ತೆ ಬಳಕೆಗೆ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2025ರ ಗಣರಾಜ್ಯೋತ್ಸವದಲ್ಲಿ ಆ ಗೊಂಬೆಗಳು ಆಂಧ್ರದ ಸ್ತಬ್ಧಚಿತ್ರವಾಗಿ ದೆಹಲಿಯ ಕರ್ತವ್ಯಪಥದಲ್ಲಿ ಸವಾರಿ ಹೋದವು. ಇಷ್ಟಾದರೂ ಆ ಲೇತಿನ ಮೇಲೆ ಪಿಕಾಚುವಿನ ಬಾಲ ಬರುವುದಿಲ್ಲ. ತಿರುಗುವುದರಿಂದ ಹುಟ್ಟುವುದೆಲ್ಲ ದುಂಡಗೆ. ಮಿಂಚಿನ ಹಾಗೆ ಅಂಕುಡೊಂಕಾದದ್ದನ್ನು ಪ್ರತ್ಯೇಕ ಕೆತ್ತಿ ಅಂಟಿಸಬೇಕು. ರಾಜ, ರಾಣಿ, ಪೂರ್ಣಕುಂಭ, ಬುಗುರಿ ಲೇತಿಗೆ ಒಲಿದವರು. ಡೋರೇಮಾನ್ ಕೂಡ ಒಲಿಯುತ್ತಾನೆ. ಪಾತ್ರ ತನ್ನ ಕಸುಬನ್ನು ತಾನೇ ಆರಿಸಿಕೊಳ್ಳುತ್ತದೆ ಎಂಬುದು ಇಲ್ಲಿಂದ ಹೊರಡುವ ಉಪಸಿದ್ಧಾಂತ.

ಹತ್ತು ತಲೆ, ಇಪ್ಪತ್ತು ಕೈಗಳವರು ಆರಿಸಿಕೊಂಡದ್ದು ವಿಜಯವಾಡದ ಮಗ್ಗುಲಿನ ಕೊಂಡಪಲ್ಲಿಯನ್ನು. ಅಲ್ಲಿ ಹಗುರವಾದ ತೆಲ್ಲ ಪೊಣಿಕಿ ಮರದಲ್ಲಿ ಕೈಕಾಲುಗಳನ್ನು ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಪುಡಿಗೂ ಮರದ ಪುಡಿಗೂ ಗಂಟುಹಾಕಿದ ಮಕ್ಕು ಎಂಬ ಅಂಟಿನಿಂದ ಜೋಡಿಸುತ್ತಾರೆ. ಜೋಡಿಸುವ ಕಸುಬಾದ್ದರಿಂದ ಕೈ ಎಷ್ಟಾದರೂ ಹೆಚ್ಚಿಸಬಹುದು. ದಶಾವತಾರ ಅಲ್ಲಿನ ಹೆಸರುವಾಸಿ ಸೆಟ್ಟು. ಇದಕ್ಕೆ ಕನ್ನಡದ ಜೋಡಿ ಕೊಪ್ಪಳದ ಕಿನ್ನಾಳ. ಅಲ್ಲಿನ ಚಿತ್ರಗಾರರೂ ಹುಣಸೆಬೀಜದ ಅಂಟನ್ನೇ ನಂಬಿದವರು. ಹುಣಸೆಹಣ್ಣು ಸಾರಿಗೆ, ಬೀಜ ದೇವರಿಗೆ ಎಂದು ಎರಡು ರಾಜ್ಯಗಳು ಮಾತಾಡಿಕೊಳ್ಳದೆಯೇ ಒಪ್ಪಿಕೊಂಡಿವೆ.

ತೊಗಲುಗೊಂಬೆಯವರನ್ನು ಬಿಟ್ಟರೆ ಕಿಳ್ಳೇಕ್ಯಾತ ಸಿಟ್ಟಾಗುತ್ತಾನೆ. ಅವನೂ ಬಂಗಾರಕ್ಕನೂ ರಾಮಾಯಣದಲ್ಲಿ ಇಲ್ಲ, ಭಾರತದಲ್ಲಿ ಇಲ್ಲ. ಆದರೂ ಕರ್ನಾಟಕದಲ್ಲೂ ಆಂಧ್ರದಲ್ಲೂ ಯುದ್ಧದ ಮಧ್ಯೆ ಪರದೆಗೆ ನುಗ್ಗಿ ರಾಮಲಕ್ಷ್ಮಣರ ಎದುರೇ ಜಗಳವಾಡಿ ಜನರನ್ನು ನಗಿಸುತ್ತಾರೆ. ಬೇರೆಯವರ ಕಥೆಯೊಳಗೆ ತಮ್ಮ ಇಷ್ಟದ ಪಾತ್ರವನ್ನು ಕೈಯಾರೆ ಕತ್ತರಿಸಿ ನಿಲ್ಲಿಸಿದ ಮೊದಲ ಅಭಿಮಾನಿಗಳು ಯಾರೆಂದು ಕೇಳಿದರೆ ನಾವು ಆ ಕಲಾವಿದರತ್ತಲೇ ಬೆರಳು ತೋರಿಸುತ್ತೇವೆ. 2020ರಲ್ಲಿ ಅನಂತಪುರ ಸೀಮೆಯ ನಿಮ್ಮಲಕುಂಟದ ದಳವಾಯಿ ಚಲಪತಿ ರಾವ್ ಅವರಿಗೆ, 2025ರಲ್ಲಿ ಕೊಪ್ಪಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂತು. ತೊಗಲುಗೊಂಬೆಯಲ್ಲಿ ಪಾತ್ರದ ಅಂತಸ್ತಿಗೆ ತಕ್ಕಂತೆ ಅಳತೆ, ರಾಜನಾದರೆ ದೊಡ್ಡದು. ನಾವು ಇಂಚಿನ ಲೆಕ್ಕದಲ್ಲಿ ದರ ಹೇಳುವುದು ಈ ಸಂಪ್ರದಾಯದ ಮುಂದುವರಿಕೆಯೇ ಎಂದು ಗಿರಾಕಿಗಳು ದಯವಿಟ್ಟು ತಿಳಿಯಬೇಕು.

ಸ್ವಾಮ್ಯವಿಚಾರ

ಸಂಕ್ಷಿಪ್ತ ಅಧಿಕರಣ, ಏಕೆಂದರೆ ವಕೀಲರು ಓದಿಬಿಟ್ಟರೆ ಕಷ್ಟ. ಭಾರತದ 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ಗ್ರಂಥಕರ್ತನ ಜೀವಮಾನ, ಅದರ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ವಾಲ್ಮೀಕಿಗಳ ವಿಷಯದಲ್ಲಿ ಈ ಅವಧಿ ತೀರಿದೆ ಎಂದು ಊಹಿಸಬಹುದು. ಆದ್ದರಿಂದ ರಾವಣ ನಿರ್ಭಯ. ಆದರೆ ವ್ಯಾಸರು ಸಪ್ತ ಚಿರಂಜೀವಿಗಳಲ್ಲಿ ಒಬ್ಬರು. ಅವರು ತೀರಿಕೊಂಡಿಲ್ಲ, ತೀರಿಕೊಳ್ಳುವುದೂ ಇಲ್ಲ. 60 ವರ್ಷದ ಎಣಿಕೆ ಶುರುವೇ ಆಗಿಲ್ಲ. ಮಹಾಭಾರತದ ಯಾವ ಪಾತ್ರವನ್ನು ಕ್ರೋಶಾದಲ್ಲಿ ಹಾಕಿದರೂ ನಾವು ವ್ಯಾಸರಿಗೆ ರಾಯಲ್ಟಿ ಬಾಕಿ. ಛೋಟಾ ಭೀಮ್ ವಿಷಯದಲ್ಲಂತೂ ಎರಡು ಕಡೆಯಿಂದ ನೋಟಿಸು ಬರಬಹುದು. ಮಿಕ್ಕಿ ಮೌಸಿನ 1928ರ ಮೊದಲ ರೂಪ ಅಮೆರಿಕದಲ್ಲಿ 2024ರ ಜನವರಿ 1ರಂದು ಸಾರ್ವಜನಿಕರದಾಯಿತು. ಆ ರೂಪದ ಮಿಕ್ಕಿಗೆ ಬಿಳಿ ಕೈಗವಸಿಲ್ಲ, ಬಣ್ಣವೂ ಇಲ್ಲ. ಕಪ್ಪು ದಾರ, ಬಿಳಿ ದಾರ, ಇಷ್ಟೇ ಖರ್ಚು. ಕಾನೂನು ಇಷ್ಟೊಂದು ಲಾಘವಪ್ರಿಯ ಎಂದು ನಮಗೆ ಗೊತ್ತಿರಲಿಲ್ಲ.

ಮೂಲ್ಯವಿಚಾರ

ಸೂತ್ರ: ನ ಮುಂಗಡಂ ವಿನಾ ಕಡ್ಡೀ.

ಪೂರ್ವಪಕ್ಷ ಹೀಗೆ ನುಡಿಯುತ್ತದೆ, ಕಾಂಪೌಂಡಿನ ಆಚೆ ನಿಂತು: "ದಾರಾನಿಕಿ ಎಂತವುತುಂದಂಡಿ? ಇಂಟ್ಲೋ ಖಾಳೀಗಾ ಕೂರ್ಚುನಿ ಚೇಸೇದೇ ಕದಾ." ದಾರಕ್ಕೆ ಎಷ್ಟಾದೀತು? ಮನೆಯಲ್ಲಿ ಸುಮ್ಮನೆ ಕೂತು ಮಾಡುವುದೇ ತಾನೆ. ಜಗದಂಬಾ ಜಂಕ್ಷನ್ನಿನಲ್ಲಿ ಇದರ ಎರಡರಷ್ಟು ದೊಡ್ಡ ಟೆಡ್ಡಿ ಅರ್ಧ ಬೆಲೆಗೆ ಸಿಗುತ್ತದೆ.

ವೈಶೇಷಿಕರ ಏಳನೆಯ ಪದಾರ್ಥ ಅಭಾವ. ಇಲ್ಲದಿರುವುದೂ ಒಂದು ಪದಾರ್ಥವೇ ಎಂದು ಒಪ್ಪಿದ ಶಾಸ್ತ್ರ ಅದು, ಹಾಗಾಗಿ ಕೂಲಿಯ ಬಗ್ಗೆ ಮಾತಾಡಲು ಅದಕ್ಕಿಂತ ಯೋಗ್ಯವಾದದ್ದು ಇಲ್ಲ. ಅಭಾವ ನಾಲ್ಕು ಬಗೆ. ಆರ್ಡರು ಬಂದು ಮುಂಗಡ ಬರುವ ಮೊದಲು ಹಣವಿಲ್ಲದ ಸ್ಥಿತಿ ಪ್ರಾಗಭಾವ. ಅನಾದಿ, ಆದರೆ ಕೊನೆಯಾಗುವ ಭರವಸೆ ಇದೆ. ಮುಂಗಡ ಬಂದ ಸಂಜೆಯೇ ದಾರ, ಫೈಬರು, ಕಣ್ಣಿಗೆ ಖರ್ಚಾಗಿ ಇಲ್ಲವಾದದ್ದು ಪ್ರಧ್ವಂಸಾಭಾವ. ಅದಕ್ಕೆ ಆರಂಭವಿದೆ, ಅಂತ್ಯವಿಲ್ಲ. ನಾವು ಹೇಳಿದ ದರ ಅವರು ಕೊಡುವ ದರವಲ್ಲ, ಅವರು ಕೊಡುವುದು ನಾವು ಹೇಳಿದ್ದಲ್ಲ. ಇದು ಅನ್ಯೋನ್ಯಾಭಾವ, ಇದರಲ್ಲಿ ಅನ್ಯೋನ್ಯತೆ ಎಂಬ ಶಬ್ದವಾದರೂ ಇದೆ. ಇನ್ನು ರಾತ್ರಿ ಹನ್ನೊಂದರ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಕುಣಿಕೆ ಎಣಿಸಿದ್ದಕ್ಕೆ ಕೂಲಿ: ಅತ್ಯಂತಾಭಾವ. ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಇರುವುದಿಲ್ಲ.

ಗಂಭೀರ ಗ್ರಂಥಗಳಲ್ಲೂ ಈ ಅಧಿಕರಣವಿದೆ. ಇದೇ ಆಂಧ್ರದ ಪಶ್ಚಿಮ ಗೋದಾವರಿಯ ನರಸಾಪುರದಲ್ಲಿ ಕ್ರೋಶಾ ಲೇಸು ಮಿಷನರಿಗಳ ಕಾಲದಿಂದ ಬಂದದ್ದು. ಸಾವಿರಾರು ಹೆಂಗಸರು ಮನೆಯಲ್ಲಿ ಕೂತು ಹೆಣೆದ ಲೇಸು ಹಡಗು ಹತ್ತಿ ದೂರದೇಶಗಳ ಮೇಜುಗಳ ಮೇಲೆ ಹಾಸಿಕೊಂಡಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಬಂದು ನೋಡಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಪ್ರಪಂಚದ ಮಾರುಕಟ್ಟೆಗೆ ಸರಕು ತಯಾರಿಸುತ್ತಿದ್ದ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಅವರು ಗೃಹಿಣಿಯರು, ಬಿಡುವಿನ ವೇಳೆಯಲ್ಲಿ ಏನೋ ಮಾಡುತ್ತಾರೆ ಎಂದೇ ಲೆಕ್ಕ. ವ್ಯಾಪಾರಿಗಳಿಗೆ ಆ ಲೆಕ್ಕವೇ ಲಾಭ. ನಮ್ಮ ಕಾಂಪೌಂಡಿನ ಆಚೆ ನಿಂತ ಪೂರ್ವಪಕ್ಷಿಗೆ ಇದನ್ನು ವಿವರಿಸಿದೆವು. ಆಕೆ ಬಹಳ ಹೊತ್ತು ಕೇಳಿ, ತಾನು ಬ್ಯಾಂಕಿನಿಂದ ಬಂದು ಅಡಿಗೆ ಮಾಡುವುದಕ್ಕೂ ಯಾರೂ ಏನೂ ಕೊಡುವುದಿಲ್ಲ ಎಂದು ಹೇಳಿ ಐವತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡು ಹೋದಳು. ಇದಕ್ಕೆ ಪ್ರತಿವಾದ ಇನ್ನೂ ಹೊಳೆದಿಲ್ಲ.

ಬೇತಾಳಾಧಿಕರಣ

ಗ್ರಂಥದ ಕೊನೆಗೆ ಎಲ್ಲಕ್ಕಿಂತ ಬಿಕ್ಕಟ್ಟಿನ ವಿಷಯ. ತೆನಾಲಿ ಮೂಲದ ಒಂದು ಮನೆಯವರು ವಿಕ್ರಮ ಮತ್ತು ಬೇತಾಳ ಕೇಳಿದರು. 1947ರಲ್ಲಿ ತೆಲುಗಿನಲ್ಲೂ ತಮಿಳಿನಲ್ಲೂ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ಚಂದಮಾಮವನ್ನು ನಾಗಿರೆಡ್ಡಿಯವರ ಜೊತೆ ಕಟ್ಟಿದ ಚಕ್ರಪಾಣಿ ತೆನಾಲಿಯವರೇ ಆದ್ದರಿಂದ, ಬೇತಾಳ ತಮ್ಮ ಊರಿನವನು ಎಂಬ ಸಲಿಗೆ ಅವರಲ್ಲಿ ಕಾಣುತ್ತಿತ್ತು. ಬೇಕಾದದ್ದು ಚಿತ್ರಕಾರ ಶಂಕರ್ ಬರೆದ ಹಾಗೇ: ಕೈಯಲ್ಲಿ ಕತ್ತಿ, ಹೆಗಲ ಮೇಲೆ ಹೆಣ, ಹೆಣದೊಳಗೆ ಬೇತಾಳ. ದರ ಕೇಳಿದರು. ಎರಡು ಗೊಂಬೆಯ ದರ ಹೇಳಿದೆವು.

ಪೂರ್ವಪಕ್ಷ: ಒಂದೇ ಗೊಂಬೆ. ಬೇತಾಳ ಹೆಗಲಿಗೆ ಹತ್ತಿಕೊಂಡಿದ್ದಾನೆ. ಹತ್ತಿಕೊಂಡದ್ದು ಅವಯವ, ಕೈಗೆ, ಮೂಗಿಗೆ ಬೇರೆ ಚಾರ್ಜು ಹಾಕುತ್ತೀರಾ?

ಸಿದ್ಧಾಂತ: ಕೈ ಹಾರಿಹೋಗಿ ಮರದಲ್ಲಿ ನೇತಾಡುವುದಿಲ್ಲ. ಬೇತಾಳ ಪ್ರತಿ ಕಥೆಯ ಕೊನೆಗೂ ಹೋಗುತ್ತಾನೆ. ಬೇರ್ಪಡಬಲ್ಲದ್ದು ಬೇರೆ ದ್ರವ್ಯ, ಬೇರೆ ದ್ರವ್ಯಕ್ಕೆ ಬೇರೆ ದರ.

ಆಗ ಮನೆಯ ಯಜಮಾನರು, ಅಲ್ಲಿಯವರೆಗೂ ವಿಕ್ರಮನಂತೆ ಮೌನವಾಗಿದ್ದವರು, ಬಾಯಿ ಬಿಟ್ಟರು. ಬೇತಾಳ ಅಶರೀರಿಯಲ್ಲವೇ? ನೀವು ಮಾಡುವುದು ಹೆಣವನ್ನು ಮಾತ್ರ. ಹೆಣಕ್ಕೆ ಬೇರೆ ಚಾರ್ಜು, ಬೇತಾಳಕ್ಕೆ ಬೇರೆ ಚಾರ್ಜು ಎಂದು ನಾಳೆ ಮೂರು ಗೊಂಬೆ ಮಾಡುವುದಿಲ್ಲ ಎಂಬುದಕ್ಕೆ ಏನು ಗ್ಯಾರಂಟಿ?

ಇದು ಉತ್ತಮ ಆಕ್ಷೇಪ. ನಾವು ಒಪ್ಪಿ ಹೀಗೆ ನಿರ್ಣಯಿಸಿದೆವು: ಹೆಣಕ್ಕೆ ದರ ಉಂಟು, ಬೇತಾಳ ಉಚಿತ. ಹೆಣವನ್ನು ಹೆಗಲಿಗೆ ಟಿಚ್ ಬಟನ್ನಿನಲ್ಲಿ ಸಿಕ್ಕಿಸುವುದು, ಕಥೆ ಮುಗಿದಾಗ ಮಗು ಅದನ್ನು ಕಿತ್ತು ಮರಕ್ಕೆ ನೇತುಹಾಕಲು ಅನುಕೂಲವಾಗಲಿ ಎಂದು. ಟಿಚ್ ಬಟನ್ನಿನ ದರ ಪ್ರಮಾಣವಿಚಾರದಲ್ಲೇ ನಿಗದಿಯಾಗಿದೆ.

"ಮರಂ?" ಎಂದರು ಆ ಮನೆಯಾಕೆ.

ಮರದ ಬಗ್ಗೆ ಸಂಪ್ರದಾಯಗಳು ಒಡೆದಿವೆ. ಸೋಮದೇವನ ಕಥಾಸರಿತ್ಸಾಗರದ ಪ್ರಕಾರ ಬೇತಾಳ ನೇತಾಡಿದ್ದು ಶಿಂಶಪಾ ಮರದಲ್ಲಿ. ತಮಿಳರ ಪ್ರಕಾರ ನುಗ್ಗೆಮರದಲ್ಲಿ. ನುಗ್ಗೆಯ ರೆಂಬೆ ಹೆಣದ ಭಾರ ತಾಳುವುದಿಲ್ಲವೆಂಬುದು ಅದನ್ನು ಹಿತ್ತಿಲಲ್ಲಿ ಬೆಳೆಸಿದ ಎಲ್ಲರಿಗೂ ಗೊತ್ತು. ಮೇಲಾಗಿ ನುಗ್ಗೆಯ ಒಂದು ಗರಿಗೆ ಎಷ್ಟು ಎಲೆ ಎಂಬುದನ್ನು ಸೊಪ್ಪು ಬಿಡಿಸಿದವರನ್ನು ಕೇಳಬೇಕು. ಶಿಂಶಪಾ ಆದರೆ ದುಂಡು ಎಲೆ, 6ರಿಂದ ಶುರುಮಾಡಿ ಎರಡೇ ಸುತ್ತು. ಆದ್ದರಿಂದ ಸೋಮದೇವನ ಪಾಠವೇ ಗ್ರಾಹ್ಯ ಎಂದು ನಾವು ವಾದಿಸಿದೆವು. ಅವರ ಮನೆಯಲ್ಲಿ ಅಮ್ಮಮ್ಮ ತಮಿಳು ನಾಡಿನವರಂತೆ, ನುಗ್ಗೆಯೇ ಆಗಬೇಕಂತೆ. ಮುಂಗಡ ಬಂದಿದೆ. ಈಗ ಎಲೆಗಳ ನಾಲ್ಕನೆಯ ಗೊಂಚಲಿನಲ್ಲಿದ್ದೇವೆ. ಕಾಯಿಗೂ ಬೇರೆ ದರ ಎಂದು ಹೇಳುವುದು ಇನ್ನೂ ಬಾಕಿ ಇದೆ.